ಬಿಸಿಲ ನಾಡಿನ ಗೋಡೆಗೆ ಬೂಷ್ಟು ಯಾಕೆ ಹಿಡಿಯುತ್ತದೆ?

ಬೂಷ್ಟು ಅಂದರೆ ಮಲೆನಾಡಿನವರ ತಾಪತ್ರಯ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಬಂದರೆ ಆಶ್ಚರ್ಯ ಏನಿಲ್ಲ. ಕಲಬುರಗಿಯಲ್ಲಿ ಬೀಳುವುದು ಹೆಚ್ಚೂಕಡಿಮೆ 800 ಮಿಲಿಮೀಟರ್. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಇಂಥ ಊರಿನಲ್ಲಿ ಬೂಷ್ಟು ಎಲ್ಲಿಂದ ಬರಬೇಕು?

ಆಗಸ್ಟ್ ಕೊನೆಗೆ ಮಲಗುವ ಕೋಣೆಯ ತಿಜೋರಿಯನ್ನು ಒಂದು ಗೇಣು ಮುಂದಕ್ಕೆ ಎಳೆದು ಹಿಂದಿನ ಗೋಡೆ ನೋಡಿ. ಕಪ್ಪು, ಹಸಿರು ಚುಕ್ಕೆ ಕಾಣುವ ಮನೆಗಳು ಬೇಕಾದಷ್ಟಿವೆ. ಟ್ರಂಕಿನ ತಳದ ಕೌದಿ ತೆಗೆದು ಮೂಸಿದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ. ಊರಿಗೆ ಎಷ್ಟು ಮಳೆ ಬಿತ್ತು ಅನ್ನುವ ಲೆಕ್ಕ ಬೂಷ್ಟಿಗೆ ಬೇಕಿಲ್ಲ. ಗೋಡೆಯ ಒಂದು ಮೊಳ ಜಾಗ ಸರಿಯಾಗಿ ಹಸಿ ಇದ್ದರೆ ಸಾಕು. ಹಾಗಾಗಿ ಈ ಲೇಖನದಲ್ಲಿ ಬೂಷ್ಟಿಗಿಂತ ನೀರಿನ ಮಾತೇ ಜಾಸ್ತಿ.

ಬೂಷ್ಟು ನಾಯಿಕೊಡೆಯ ನೆಂಟ, ಅಂದರೆ ಶಿಲೀಂಧ್ರ. ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಇದಕ್ಕೆ ಬರುವುದಿಲ್ಲ. ಕುಳಿತ ಜಾಗವನ್ನೇ ಕರಗಿಸಿ ತಿನ್ನುತ್ತದೆ. ಇದರ ಬೀಜಕಣಗಳು ಹೆಚ್ಚಾಗಿ 2ರಿಂದ 10 ಮೈಕ್ರಾನ್ ಗಾತ್ರದವು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದರೆ ಅಂದಾಜು ಮಾಡಿಕೊಳ್ಳಿ. ಇವು ಎಲ್ಲಾ ಕಡೆ ತೇಲಾಡುತ್ತಿರುತ್ತವೆ. ಕಿಟಕಿಯಿಂದ ಬರುತ್ತವೆ, ಬಟ್ಟೆಗೆ ಅಂಟಿ ಬರುತ್ತವೆ, ತೊಗರಿ ಚೀಲದ ಜೊತೆ ಬರುತ್ತವೆ. ಮನೆಯಲ್ಲಿ ಒಂದೂ ಬೀಜಕಣ ಇರಬಾರದು ಅಂತ ಹೊರಟರೆ ಅದು ಆಗದ ಮಾತು.

ತಿನ್ನಲಿಕ್ಕೂ ಕೊರತೆ ಇಲ್ಲ. ಧೂಳು, ಗೋಡೆಯ ಬಣ್ಣದಲ್ಲಿರುವ ಅಂಟು, ಪ್ಲೈವುಡ್, ರಟ್ಟಿನ ಡಬ್ಬಿ, ಗಾದಿಯ ಹತ್ತಿ, ಎಲ್ಲವೂ ಆಗುತ್ತದೆ. ಬೆಚ್ಚಗಿನ ಹವೆ ನಮ್ಮಲ್ಲಿ ವರ್ಷವಿಡೀ ಇದ್ದೇ ಇರುತ್ತದೆ. ಉಳಿದದ್ದು ನೀರು ಒಂದೇ. ನೆಂದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಏಳುವುದಿಲ್ಲ. ಒಣಗದಿದ್ದರೆ ಏಳುತ್ತದೆ.

ನಮ್ಮ ರೈತರಿಗೆ ಇದು ಗೊತ್ತಿರುವ ವಿಷಯವೇ. ಮುಂಗಾರಿ ಹೈಬ್ರಿಡ್ ಜೋಳ ಕಾಳು ಕಟ್ಟುವಾಗ ಮಳೆ ಹಿಡಿದರೆ ಬೂಷ್ಟು ಬಂದು ಕಾಳು ಕಪ್ಪಾಗುತ್ತದೆ. ಹಿಂಗಾರಿ ಬಿಳಿಜೋಳಕ್ಕೆ ಆ ಕಾಟ ಇಲ್ಲ, ಅದು ಒಣ ಹವೆಯಲ್ಲಿ ಮಾಗುತ್ತದೆ. ಅದೇ ಹೊಲ, ಅದೇ ಬೀಜಕಣ. ಮಧ್ಯೆ ಬದಲಾದದ್ದು ನೀರು.

ಗಾಳಿಯೊಳಗಿನ ನೀರು

ಗೋಡೆ ಸೋರುತ್ತಿಲ್ಲ, ನಲ್ಲಿ ಒಡೆದಿಲ್ಲ, ಆದರೂ ತಿಜೋರಿ ಹಿಂದೆ ಬೂಷ್ಟು. ಈ ಒಗಟು ಬಿಡಿಸಬೇಕಾದರೆ ಗಾಳಿಯ ತೇವದ ಲೆಕ್ಕ ಸ್ವಲ್ಪ ತಿಳಿಯಬೇಕು.

ಬಿಸಿ ಗಾಳಿ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ತಣ್ಣನೆ ಗಾಳಿ ಕಡಿಮೆ. ಮೊಬೈಲಿನಲ್ಲಿ ಹವಾಮಾನ ನೋಡುವಾಗ ಶೇಕಡಾ ಲೆಕ್ಕದಲ್ಲಿ ಕಾಣುವ ತೇವ ಅಂದರೆ, ಆ ಹೊತ್ತಿನ ಬಿಸಿಗೆ ಗಾಳಿ ಎಷ್ಟು ಹಿಡಿಯಬಲ್ಲದೋ ಅದರಲ್ಲಿ ಎಷ್ಟು ಪಾಲು ತುಂಬಿದೆ ಅಂತ. ಮಳೆಗಾಲದ ಒಂದು ಮಧ್ಯಾಹ್ನ 32 ಡಿಗ್ರಿ ಇದೆ, ತೇವ ಶೇ 60 ಇದೆ ಅಂದುಕೊಳ್ಳಿ. ಅದೇ ಗಾಳಿ 26 ಡಿಗ್ರಿಗೆ ತಣಿದರೆ, ಒಂದು ಹನಿ ನೀರೂ ಹೊಸದಾಗಿ ಸೇರದೆ ತೇವ ಶೇ 85ರ ಹತ್ತಿರ ಹೋಗುತ್ತದೆ.

ಬೂಷ್ಟಿಗೆ ಬೇಕಾದದ್ದು ಇಷ್ಟೇ. ಗೋಡೆಯ ಮೈ ಹತ್ತಿರದ ತೇವ ಶೇ 80 ದಾಟಿ ಕೆಲವು ದಿನ ಹಾಗೇ ನಿಂತರೆ ಅದಕ್ಕೆ ಬೇರೆ ನೀರು ಬೇಡ. ಕೋಣೆಯ ನಡುವೆ ಫ್ಯಾನ್ ತಿರುಗುತ್ತದೆ, ಗಾಳಿ ಓಡಾಡುತ್ತದೆ. ತಿಜೋರಿ ಹಿಂದಿನ ಗೋಡೆ ತಣ್ಣಗಿರುತ್ತದೆ, ಅಲ್ಲಿ ಗಾಳಿ ಕದಲುವುದಿಲ್ಲ. ಕೋಣೆಯ ಮಧ್ಯೆ ಶೇ 65 ತೇವ ಇದ್ದಾಗ ಆ ಸಂದಿಯಲ್ಲಿ ಶೇ 80 ಇರಬಹುದು. ತಿಜೋರಿಯನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ ಅನ್ನುವುದು ಇದಕ್ಕೇ.

ಇನ್ನೊಂದು ಮಾತು. ಬೆಳಗ್ಗೆ ಎದ್ದ ಕೂಡಲೇ ಕಿಟಕಿ ತೆಗೆದರೆ ಮನೆ ಒಣಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಮಳೆಗಾಲದಲ್ಲಿ ಬೆಳಗಿನ ಗಾಳಿಯೇ ದಿನದಲ್ಲಿ ಹೆಚ್ಚು ತೇವದ್ದು. ಗೋಡೆ ಒಣಗಿಸಬೇಕಾದರೆ ಬಿಸಿಲು ಏರಿದ ಮೇಲೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ಎದುರುಬದುರಿನ ಕಿಟಕಿ ಬಾಗಿಲು ತೆಗೆದು ಫ್ಯಾನ್ ಹಾಕಿ. ಅಡಿಗೆ ಹೊಗೆ, ಸ್ನಾನದ ಆವಿ ಹೊರಗೆ ಹಾಕಲು ಮಾತ್ರ ಯಾವ ಹೊತ್ತಾದರೂ ಕಿಟಕಿ ತೆಗೆಯಲೇಬೇಕು. ತೇವ ತೋರಿಸುವ ಚಿಕ್ಕ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಶೇ 60ರ ಕೆಳಗೆ ಇಟ್ಟುಕೊಂಡರೆ ನೆಮ್ಮದಿ.

ಈಗ ಕೂಲರ್ ವಿಷಯಕ್ಕೆ ಬರೋಣ. ಮಾರ್ಚ್ ಬಂತೆಂದರೆ ನಮ್ಮೂರಲ್ಲಿ ಕಿಟಕಿ ಕಿಟಕಿಗೂ ಕೂಲರ್ ಏರುತ್ತದೆ. ಬೆಳಗ್ಗೆ ಟಾಂಕಿ ತುಂಬಿಸಿದರೆ ಸಂಜೆಗೆ ತಳ ಕಾಣುತ್ತದೆ, ಅಲ್ವಾ? ಆ ನೀರು ಎಲ್ಲಿ ಹೋಯಿತು? ಅಷ್ಟೂ ಕೋಣೆಯ ಗಾಳಿಗೆ ಸೇರಿತು. ಕೂಲರ್ ತಂಪು ಮಾಡುವುದೇ ನೀರು ಆರಿಸಿ. ಎದುರಿನ ಕಿಟಕಿ ತೆಗೆದಿದ್ದರೆ ಆ ತೇವದ ಗಾಳಿ ಹೊರಗೆ ಹೋಗುತ್ತದೆ, ತಂಪೂ ಜಾಸ್ತಿ ಆಗುತ್ತದೆ. ಏಸಿ ಇದ್ದ ಹಾಗೆ ಬಾಗಿಲು ಕಿಟಕಿ ಎಲ್ಲಾ ಮುಚ್ಚಿ ಕೂಲರ್ ಹಾಕಿದರೆ ನೀರು ಗಾದಿ, ಪರದೆ, ಗೋಡೆ ಹಿಡಿಯುತ್ತದೆ. ಮೈ ಅಂಟಂಟು ಆಗುವುದೂ ಅದರಿಂದಲೇ.

ಆದರೂ ಮೇ ತಿಂಗಳಲ್ಲಿ ಹೊರಗಿನ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ಕೂಲರಿನ ತಪ್ಪನ್ನು ಅದೇ ಮುಚ್ಚಿಹಾಕುತ್ತದೆ. ತೊಂದರೆ ಶುರುವಾಗುವುದು ಜೂನ್‌ನಲ್ಲಿ. ಮಿರುಗ ಮಳೆ ಬಿದ್ದ ಮೇಲೆ ಹೊರಗಿನ ಗಾಳಿಯಲ್ಲೇ ತೇವ ತುಂಬಿರುತ್ತದೆ. ಆಗ ಕೂಲರ್ ತಂಪು ಮಾಡುವುದಿಲ್ಲ, ಸುಮ್ನೆ ನೀರು ಚೆಲ್ಲುತ್ತದೆ. ಸೆಖೆ ತಡೆಯದೆ ನಾವು ಅದನ್ನೇ ಇಡೀ ರಾತ್ರಿ ಓಡಿಸುತ್ತೇವೆ. ಮೊದಲ ಮಳೆ ಆದ ಕೂಡಲೇ ಕೂಲರಿನ ನೀರು ಬಂದ್ ಮಾಡಿ, ಬರೀ ಫ್ಯಾನ್ ಹಾಕಿಕೊಳ್ಳುವುದು ಮೇಲು. ಆಮೇಲೆ ಟಾಂಕಿ ಖಾಲಿ ಮಾಡಿ, ತಿಕ್ಕಿ ತೊಳೆದು, ಹುಲ್ಲಿನ ಪ್ಯಾಡನ್ನು ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಎತ್ತಿಡಿ. ಹಸಿ ಹುಲ್ಲಿನ ಸಮೇತ ಕಿಟಕಿಯಲ್ಲೇ ಬಿಟ್ಟ ಕೂಲರನ್ನು ಮುಂದಿನ ಮಾರ್ಚ್‌ನಲ್ಲಿ ಚಾಲೂ ಮಾಡಿದರೆ ಮೊದಲ ಐದು ನಿಮಿಷ ಬರುವ ವಾಸನೆ ನಿಮಗೆ ಗೊತ್ತೇ ಇದೆ. ಆ ಗಾಳಿಯ ಜೊತೆ ಬೀಜಕಣಗಳೂ ನೇರ ಮುಖಕ್ಕೆ ಬರುತ್ತವೆ. ಸೀಜನ್ನಿನಲ್ಲಿ ವಾರಕ್ಕೊಮ್ಮೆ ಟಾಂಕಿ ಖಾಲಿ ಮಾಡಿದರೆ ಡೆಂಗಿ ಸೊಳ್ಳೆಯ ಕಾಟವೂ ತಪ್ಪುತ್ತದೆ.

ಮಳೆ ಹಿಡಿದ ದಿನ ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹಿಂಡಿದ ಬಟ್ಟೆಯ ಬಕೆಟನ್ನೂ ಒಣಗಿದ ಬಟ್ಟೆಯನ್ನೂ ತೂಗಿ ನೋಡಿ. ನಡುವಿನ ವ್ಯತ್ಯಾಸ ಪೂರಾ ನಿಮ್ಮ ಪಡಸಾಲೆಯ ಗಾಳಿಯಲ್ಲಿದೆ. ಬೇರೆ ದಾರಿ ಇಲ್ಲದಿದ್ದರೆ ಒಂದೇ ಕೋಣೆಯಲ್ಲಿ, ಕಿಟಕಿ ತೆಗೆದು, ಫ್ಯಾನಿನ ಕೆಳಗೆ ಒಣಹಾಕಿ. ಮಲಗುವ ಕೋಣೆ ಮಾತ್ರ ಬೇಡ.

ನೆಲದಿಂದ, ಛತ್ತಿನಿಂದ

ಗಾಳಿಯ ನೀರಿಗಿಂತ ಹಟಮಾರಿ ನೀರು ನೆಲದ್ದು. ಕಲಬುರಗಿ, ಯಾದಗಿರಿ ಕಡೆ ಬಹುತೇಕ ಎರೆ ಮಣ್ಣು. ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ನೋಡಿದ್ದೇವಲ್ಲ, ಮನೆಯ ತಳಪಾಯದ ಕೆಳಗೂ ಅದೇ ನಡೆಯುತ್ತದೆ. ಪ್ರತಿ ವರ್ಷ ಏಳುವುದು, ಇಳಿಯುವುದು. ಗೋಡೆ ಓರೆಯಾಗಿ ಸೀಳುತ್ತದೆ, ಸೀಳಿನಿಂದ ಮಳೆ ನೀರು ಒಳಗೆ ಬರುತ್ತದೆ. ಅದರ ಮೇಲೆ ಎರೆ ಮಣ್ಣು ಹಿಡಿದ ನೀರನ್ನು ಬೇಗ ಬಿಡುವುದಿಲ್ಲ. ತಳಪಾಯಕ್ಕೆ ತಾಗಿಕೊಂಡು ತಿಂಗಳುಗಟ್ಟಲೆ ಹಸಿ ಇರುತ್ತದೆ. ಇಟ್ಟಿಗೆ, ಗಿಲಾವು ಎರಡರಲ್ಲೂ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ನೀರು ಮೊಣಕಾಲು ಮಟ್ಟ, ಕೆಲವು ಕಡೆ ಸೊಂಟದ ಮಟ್ಟಕ್ಕೆ ಏರುತ್ತದೆ. ತಳಪಾಯದ ಮೇಲೆ ನೀರು ತಡೆಯುವ ಪದರ ಹಾಕದೆ ಗೋಡೆ ಎಬ್ಬಿಸಿದ್ದರೆ ಇದು ಗ್ಯಾರಂಟಿ. ಬೀದರ್ ಕಡೆ ಜಂಬಿಟ್ಟಿಗೆ ನೆಲ, ನೀರು ಕೆಳಗೆ ಇಳಿದು ಹೋಗುತ್ತದೆ. ಆದರೆ ಅದೇ ಕಲ್ಲಿನಲ್ಲಿ ಕಟ್ಟಿದ ಗೋಡೆ ನೀರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ ಕೂಡ.

ಹಳೆಯ ಮಾಳಿಗೆ ಮನೆಗಳಲ್ಲಿ ಕಲ್ಲು, ಮಣ್ಣು, ಸುಣ್ಣದ ಗೋಡೆ ಇರುತ್ತಿತ್ತು. ಅಂಥ ಗೋಡೆ ಹೀರಿದ ನೀರನ್ನು ಮೈಯಿಂದಲೇ ಆರಿಸಿ ಹೊರಗೆ ಬಿಡುತ್ತದೆ. ಮೇಲೆ ಬೆಳಕಿಂಡಿ, ಅದರಿಂದ ಬಿಸಿ ಗಾಳಿ ಹೊರಗೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಸುಣ್ಣ. ಹೊಸ ಸುಣ್ಣ ಬಹಳ ಖಾರ, ಅದರ ಮೇಲೆ ಬೂಷ್ಟಿಗೆ ಬದುಕುವುದು ಕಷ್ಟ. ತಿಂಗಳು ಕಳೆದಂತೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸಪ್ಪೆಯಾಗುತ್ತದೆ, ಆಗ ಆ ಶಕ್ತಿ ಇಲ್ಲ. ಅದಕ್ಕೇ ಪ್ರತಿ ವರ್ಷ ಬಳಿಯುವುದರಲ್ಲಿ ಅರ್ಥ ಇತ್ತು. ಹಾಗಂತ ಹಳೆಯದೆಲ್ಲಾ ಚಿನ್ನ ಅಂತ ನಾನು ಹೇಳುವುದಿಲ್ಲ. ಮಣ್ಣಿನ ಮಾಳಿಗೆ ಸೋರುತ್ತದೆ, ಗೆದ್ದಲು ಹಿಡಿಯುತ್ತದೆ. ನನ್ನ ತಕರಾರು ಒಂದೇ. ಹಳೆ ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾವು ಹೊಡೆದು, ಪುಟ್ಟಿ ಹಚ್ಚಿ, ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ನೀರಿಗೆ ಹೊರಗೆ ಹೋಗುವ ದಾರಿ ಮುಚ್ಚಿಹೋಗುತ್ತದೆ. ಎರಡನೇ ಮಳೆಗಾಲಕ್ಕೆ ಬಣ್ಣ ಗುಳ್ಳೆ ಏಳುತ್ತದೆ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅಂಥ ನೀರಿನಲ್ಲಿ ನಿಂತ ದಪ್ಪ ಗೋಡೆ ಹೊರಗಿನಿಂದ ವಾರದಲ್ಲಿ ಒಣಗಿದಂತೆ ಕಂಡರೂ ಒಳಗಿನ ಹಸಿ ಆರಲು ತಿಂಗಳುಗಳೇ ಬೇಕು. ನೆರೆ ಇಳಿದ ಮನೆಗೆ ಹೊಸ ಗಿಲಾವು, ಬಣ್ಣ ಹಾಕುವ ಆತುರ ಬೇಡ. ಒಂದು ಬೇಸಿಗೆ ದಾಟಲಿ.

ಛತ್ತಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಸ್ಲ್ಯಾಬಿಗೆ ಇಳಿಜಾರು ಇಲ್ಲದೆ ನೀರು ನಿಲ್ಲುತ್ತದೆ, ಪೈಪಿನ ಬಾಯಿಗೆ ಎಲೆ ಕಟ್ಟುತ್ತದೆ, ಸಿಂಟೆಕ್ಸ್ ತುಂಬಿ ರಾತ್ರಿಯೆಲ್ಲಾ ಹರಿಯುತ್ತದೆ. ಶಹಾಬಾದ್ ಪರಸಿ ಹಾಸಿದ ಛತ್ತಾದರೆ ಕಲ್ಲಿನಿಂದ ತೊಂದರೆ ಕಡಿಮೆ, ಸಂದಿಯ ಗಾರೆ ಬಿಟ್ಟಿದೆಯಾ ನೋಡಬೇಕು. ಮೇ ತಿಂಗಳಲ್ಲೇ ನೋಡಬೇಕು, ಮಳೆ ಬಿದ್ದ ಮೇಲೆ ಗೌಂಡಿ ಸಿಗುವುದಿಲ್ಲ.

ನೀರು ಎಲ್ಲಿಂದ ಬಂತು ಅಂತ ಪತ್ತೆ ಹಚ್ಚುವುದು

ಬಣ್ಣದವನನ್ನು ಕರೆಸುವ ಮೊದಲು ಗೋಡೆಯನ್ನೇ ಕೇಳಬಹುದು. ಕಲೆ ನೆಲದಿಂದ ಶುರುವಾಗಿ ಮೇಲೆ ಹೋಗುತ್ತಾ ತಿಳಿಯಾದರೆ ಅದು ನೆಲದ ನೀರು. ಮೇಲೆ ಛತ್ತಿನ ಕಡೆ ಕಂದು ಬಣ್ಣದ ಉಂಗುರ ಬಿದ್ದಿದ್ದರೆ ಛತ್ತಿನ ಸೋರಿಕೆ. ಬಚ್ಚಲಿನ ಆಚೆ ಬದಿಯ ಗೋಡೆಯಲ್ಲಿ, ನಲ್ಲಿಯ ಮಟ್ಟದಲ್ಲಿ ಕಂಡರೆ ಪೈಪು. ಮೂಲೆಯಲ್ಲಿ, ಸಾಮಾನಿನ ಹಿಂದೆ ಮಾತ್ರ ಚುಕ್ಕೆ ಇದ್ದರೆ ಗಾಳಿಯ ತೇವ.

ಅನುಮಾನ ಉಳಿದರೆ ಒಂದು ಸುಲಭ ಪರೀಕ್ಷೆ ಇದೆ. ರೊಟ್ಟಿ ಸುತ್ತುವ ಬೆಳ್ಳಿ ಹಾಳೆಯ ಒಂದು ಚೌಕ ತುಂಡು ತೆಗೆದುಕೊಳ್ಳಿ. ಗೋಡೆಯ ಒರೆಸಿದ ಜಾಗಕ್ಕೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಗಾಳಿ ಹೋಗದಂತೆ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಮುಂಬದಿ ಹಸಿಯಾದರೆ ಕೋಣೆಯ ಗಾಳಿ ಕಾರಣ. ಬಿಚ್ಚಿದಾಗ ಹಿಂಬದಿ ಹಸಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮೊದಲನೆಯದಕ್ಕೆ ಕಿಟಕಿ, ಫ್ಯಾನ್ ಸಾಕು. ಎರಡನೆಯದಕ್ಕೆ ಗೌಂಡಿಯೇ ಬೇಕು.

ಗೋಡೆಯ ಕೆಳಭಾಗದ ಬಿಳಿ ಪುಡಿ ನೋಡಿ ಬೂಷ್ಟು ಅಂತ ಹೆದರುವವರೂ ಇದ್ದಾರೆ. ಬಹಳ ಸಲ ಅದು ಉಪ್ಪು, ನೆಲದ ನೀರು ಹೊತ್ತು ತಂದದ್ದು. ಸ್ವಲ್ಪ ಕೆರೆದು ಒಂದು ಹನಿ ನೀರಿನಲ್ಲಿ ಹಾಕಿದರೆ ಕರಗುತ್ತದೆ. ಬೂಷ್ಟು ಕರಗುವುದಿಲ್ಲ. ಉಪ್ಪು ಉಸಿರಿಗೆ ಅಷ್ಟು ಕೆಟ್ಟದ್ದಲ್ಲ, ಆದರೆ ನೀರು ಏರುತ್ತಿದೆ ಅನ್ನುವ ಸುದ್ದಿ ಅದೇ ಹೇಳುತ್ತದೆ.

ಮೈಗೆ ಏನು ಮಾಡುತ್ತದೆ

2021ರಲ್ಲಿ ಕೊರೊನಾ ಎರಡನೇ ಅಲೆಯ ಹೊತ್ತಿಗೆ ಕಪ್ಪು ಶಿಲೀಂಧ್ರ ಅನ್ನುವ ಹೆಸರು ಎಲ್ಲರ ಬಾಯಲ್ಲಿತ್ತು. ಆ ಭಯ ಇನ್ನೂ ಹೋಗಿಲ್ಲ. ಬಚ್ಚಲಿನ ಕಪ್ಪು ಕಲೆ ಕಂಡರೆ ಅದೇ ರೋಗ ಅಂತ ಗಾಬರಿ ಬೀಳುತ್ತಾರೆ. ಎರಡೂ ಬೇರೆ. ಮ್ಯೂಕರ್‌ಮೈಕೋಸಿಸ್ ಎಂಬ ಆ ರೋಗ ತರುವ ಶಿಲೀಂಧ್ರದ ಗುಂಪೇ ಬೇರೆ. ಅದು ಕಪ್ಪು ಕೂಡ ಅಲ್ಲ, ಸತ್ತ ಮಾಂಸ ಕಪ್ಪಾಗುವುದರಿಂದ ಆ ಹೆಸರು ಬಂತು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟಿರಾಯ್ಡ್ ಮದ್ದು ಅದಕ್ಕೆ ದಾರಿ ಮಾಡಿಕೊಟ್ಟಿದ್ದವು.

ಅಮೆರಿಕದಲ್ಲೂ ಇಂಥದೇ ಗಾಬರಿ ನಡೆದಿತ್ತು. 1990ರ ದಶಕದಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕೂಸುಗಳ ಶ್ವಾಸಕೋಶದಲ್ಲಿ ರಕ್ತ ಸೋರಿದಾಗ ಸ್ಟ್ಯಾಕಿಬೋಟ್ರಿಸ್ ಅನ್ನುವ ಕಪ್ಪು ಬೂಷ್ಟಿನ ಮೇಲೆ ಗುಮಾನಿ ಬಿತ್ತು. 2000ದಲ್ಲಿ ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮತ್ತೆ ಪರಿಶೀಲಿಸಿ, ನಂಟು ಸಾಬೀತಾಗಿಲ್ಲ ಅಂದಿತು. ಬಣ್ಣ ನೋಡಿ ಬೂಷ್ಟಿನ ವಿಷ ಅಳೆಯಲು ಬರುವುದಿಲ್ಲ.

ಹಾಗಾದರೆ ಖಚಿತವಾಗಿ ಗೊತ್ತಿರುವುದು ಏನು? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ಹಸಿ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ತಂದಿತು. ಹಸಿ ಮನೆಯಲ್ಲಿ ಇರುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ತೊಂದರೆ, ಆಸ್ತಮಾ ಕೆರಳುವುದು ಜಾಸ್ತಿ ಅಂತ ಅದು ಹೇಳುತ್ತದೆ. ಗಾಳಿಯಲ್ಲಿ ಇಷ್ಟು ಬೀಜಕಣ ಇದ್ದರೆ ಸುರಕ್ಷಿತ ಅನ್ನುವ ಅಂಕಿಯನ್ನು ಅದು ಕೊಡಲಿಲ್ಲ, ಯಾಕಂದರೆ ಅಂಥ ಗೆರೆ ಎಳೆಯಲು ಬರುವುದಿಲ್ಲ. ಹಾಗಾಗಿ ಗಾಳಿ ಪರೀಕ್ಷೆಗೆ ದುಡ್ಡು ಸುರಿಯುವುದು ದಂಡ. ಕಣ್ಣಿಗೆ ಕಂಡಿತು ಅಥವಾ ಮೂಗಿಗೆ ಬಡಿಯಿತು ಅಂದರೆ ಕೆಲಸ ಶುರು ಮಾಡಲು ಅಷ್ಟೇ ಸಾಕು.

ಎಲ್ಲರಿಗೂ ಒಂದೇ ರೀತಿ ತಾಗುವುದಿಲ್ಲ. ಒಂದೇ ಗಾದಿಯಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರು ಇಡೀ ರಾತ್ರಿ ಸೀನುತ್ತಾರೆ, ಇನ್ನೊಬ್ಬರಿಗೆ ಏನೂ ಇಲ್ಲ. ಇದು ಅಲರ್ಜಿಯ ಸ್ವಭಾವ. ಹೆಚ್ಚು ಜೋಪಾನ ಬೇಕಾದವರು ಕೂಸುಗಳು, ವಯಸ್ಸಾದವರು, ಆಸ್ತಮಾ ಇರುವವರು, ಹಿಂದೆ ಟಿಬಿ ಆಗಿ ಶ್ವಾಸಕೋಶದಲ್ಲಿ ಗಾಯದ ಗುರುತು ಉಳಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು. ಟಿಬಿಯಿಂದಾದ ಪೊಟರೆಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ನೆಲೆಸಿ ಉಂಡೆಗಟ್ಟುವುದು ಉಂಟು. ಊರು ಬಿಟ್ಟು ನಾಲ್ಕು ದಿನ ಹೋದಾಗ ಕೆಮ್ಮು ನಿಂತು, ಮನೆಗೆ ಬಂದ ರಾತ್ರಿಯೇ ಶುರುವಾದರೆ ಡಾಕ್ಟರಿಗೆ ಆ ಮಾತನ್ನು ಹೇಳಲೇಬೇಕು. ಮನೆಯ ಗೋಡೆಯ ವಿಷಯ ಅವರಾಗಿ ಕೇಳುವುದು ಅಪರೂಪ.

ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟಿನಲ್ಲಿ ಬಹಳ ಕಾಲ ಇದ್ದದ್ದೇ ಕಾರಣ ಅಂತ 2022ರ ವಿಚಾರಣೆಯಲ್ಲಿ ತೀರ್ಮಾನವಾಯಿತು. ಮನೆ ಬಾಡಿಗೆಗೆ ಕೊಟ್ಟ ಸಂಸ್ಥೆಗೆ ಅಪ್ಪ ಹಲವು ಸಲ ದೂರು ಕೊಟ್ಟಿದ್ದರು, ಮೇಲೆ ಬಣ್ಣ ಬಳಿಯಿರಿ ಅನ್ನುವ ಉತ್ತರ ಸಿಕ್ಕಿತ್ತು. ಆ ಮಗುವಿನ ಹೆಸರಿನಲ್ಲೇ ಅಲ್ಲಿ 2023ರಲ್ಲಿ ಕಾನೂನು ಬಂತು.

ತೆಗೆಯುವುದು ಹೇಗೆ

ಒಣ ಪೊರಕೆ ಹಿಡಿದು ಗುಡಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಗೋಡೆಯ ಮೇಲಿದ್ದದ್ದು ಗಾಳಿಗೆ ಹಾರುತ್ತದೆ. ಎನ್95 ಮಾಸ್ಕ್, ಕೈಗವಸು ಹಾಕಿ. ಕೂಸು, ಉಬ್ಬಸದವರನ್ನು ಹೊರಗೆ ಕಳಿಸಿ, ಒಳಮನೆಯ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ. ಸೋಪಿನ ಪುಡಿಯ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಬಿಸಾಡಿ, ಗೋಡೆ ಪೂರ್ತಿ ಒಣಗಲಿ. ಸುಮಾರು 10 ಚದರ ಅಡಿಯವರೆಗೆ ನಾವೇ ಮಾಡಬಹುದು, ಅದಕ್ಕಿಂತ ಜಾಸ್ತಿ ಹರಡಿದ್ದರೆ ಗೊತ್ತಿದ್ದವರನ್ನು ಕರೆಸಬೇಕು. ಪಿಒಪಿ ಸೀಲಿಂಗ್, ಪ್ಲೈವುಡ್, ರಟ್ಟು ಒಳಗಿನವರೆಗೆ ಹಿಡಿದಿದ್ದರೆ ಒರೆಸಿ ಪ್ರಯೋಜನ ಇಲ್ಲ, ತೆಗೆದು ಹಾಕುವುದೇ ಸರಿ.

ಬ್ಲೀಚಿಂಗ್ ಪೌಡರ್ ಹಾಕಿದರೆ ಬಣ್ಣ ಹೋಗುತ್ತದೆ, ಮನಸ್ಸಿಗೆ ಸಮಾಧಾನ ಆಗುತ್ತದೆ. ಆದರೆ ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಒರೆಸಿ ತೆಗೆಯಲೇಬೇಕು. ಬ್ಲೀಚಿಗೆ ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ.

ಮುಗ್ಗಲು ವಾಸನೆ ಹೋಗಲಿ ಅಂತ ಲೋಬಾನ, ಊದುಬತ್ತಿ ಹಚ್ಚಿಡುವ ಮನೆಗಳಿವೆ. ವಾಸನೆ ಅಡಗುತ್ತದೆ, ಹೊಗೆ ಸೇರುತ್ತದೆ. ದೇವರ ಮುಂದೆ ಎರಡು ಕಡ್ಡಿ ಹಚ್ಚುವುದಕ್ಕೆ ನಾನು ಬೇಡ ಅನ್ನುವುದಿಲ್ಲ, ಕಿಟಕಿ ತೆಗೆದಿರಲಿ. ಸೊಳ್ಳೆ ಬತ್ತಿಯ ಲೆಕ್ಕ ಬೇರೆ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಅಳೆದು ತೋರಿಸಿದೆ. ಸೊಳ್ಳೆ ಪರದೆ ಕಟ್ಟುವುದು ಒಳ್ಳೆಯದು. ಗಾಳಿ ಶುದ್ಧ ಮಾಡುವ ಮಷಿನ್ನಿನಲ್ಲಿ ತೀರ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇದ್ದರೆ ಬೀಜಕಣ ಹಿಡಿಯುತ್ತದೆ, ನಿಜ. ಮುಗ್ಗಲು ವಾಸನೆ ಅನಿಲದ್ದು, ಅದನ್ನು ಹೆಪಾ ಹಿಡಿಯುವುದಿಲ್ಲ. ಗೋಡೆ ಹಸಿ ಇರುವ ತನಕ ಹೊಸ ಬೀಜಕಣ ಬರುತ್ತಲೇ ಇರುತ್ತವೆ.

ಗಾದಿ, ಕೌದಿಗೆ ಮಾತ್ರ ನಮ್ಮ ಬಿಸಿಲಿಗಿಂತ ಒಳ್ಳೆ ಮದ್ದಿಲ್ಲ. ಮಳೆ ಬಿಡುವು ಕೊಟ್ಟ ದಿನ ಛತ್ತಿನ ಮೇಲೆ ಹರವಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಡಿಯಿರಿ. ಜೋಳ, ತೊಗರಿ, ಶೇಂಗಾ ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಿ. ಬೂಷ್ಟು ಬಂದ ಶೇಂಗಾ ಹುರಿದು ಹಿಂಡಿ ಮಾಡಿದರೆ ಸರಿಹೋಗುತ್ತದೆ ಅನ್ನುವುದು ತಪ್ಪು ಲೆಕ್ಕ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಲಿವರಿಗೆ ವಿಷ, ಮನೆ ಅಡಿಗೆಯ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ.

ಬಾಡಿಗೆ ಮನೆ ಹುಡುಕುವವರು ಆದಷ್ಟು ಮಳೆಗಾಲದಲ್ಲೇ ನೋಡಿ. ಗೋಡೆಯ ಅಲಮಾರಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿ ಮೂಸಿ. ಬಚ್ಚಲಿನ ಬಾಗಿಲ ಚೌಕಟ್ಟಿನ ಬುಡ ಉಬ್ಬಿದೆಯಾ ಮುಟ್ಟಿ ನೋಡಿ. ಮನೆಯೆಲ್ಲಾ ಹಳೆ ಬಣ್ಣ ಇದ್ದು ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಹೊಡೆಸಿದ್ದರೆ, ಯಾಕೆ ಅಂತ ಅಡ್ವಾನ್ಸ್ ಕೊಡುವ ಮೊದಲೇ ಮಾಲೀಕರನ್ನು ಕೇಳಿ.